ಶನಿವಾರದವರೆಗೆ ಟಾಪು ಮಡಚಬೇಡ

ಡೆಸ್ಮಂಡ್,

ಚರ್ಚಿನಲ್ಲಿ ಹೂ ಜೋಡಿಸಲು ಹೊರಟವಳು ಎರಡು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಜೀವವೆಲ್ಲ ಕಾರಿನ ಮೇಲೇ ಇದೆ.

ನಿನ್ನೆ ಕಾರಿನ ಚಾವಣಿಗೆ ಹಾಕಿದ ಹೊಸ ಬಟ್ಟೆಯ ಟಾಪು ಎಳೆತಕ್ಕೆ ಇನ್ನೂ ಒಗ್ಗಿಲ್ಲ. ಶನಿವಾರ ಮಗಳ ಮದುವೆ ಮುಗಿಯುವವರೆಗೆ ಬಿಗಿದ ಹಾಗೇ ಇರಲಿ. ಈಗ ಮಡಚಿದರೆ ಕುಗ್ಗಿಬಿಡುತ್ತದೆ, ಆಮೇಲೆ ಎಷ್ಟು ಎಳೆದರೂ ಮುಂದಿನ ಗಾಜಿಗೆ ಮುಟ್ಟುವುದಿಲ್ಲ. ಚೂರು ಬಿಸಿಲು ಕಂಡರೆ ಸಾಕು, ಈ ಊರಿನ ಗಂಡಸರಿಗೆಲ್ಲ ಟಾಪು ತೆರೆಯುವ ಚಪಲ, ನಿನಗಂತೂ ಹುಚ್ಚು. ಹಳೆಯದನ್ನೂ ಒದ್ದೆಯಿದ್ದಾಗಲೇ ಮಡಚಿ ಮಡಚಿ ಕೊಳೆಸಿದೆ. ಆ ಮಳೆಯಲ್ಲಿ ವಿಟ್ಬಿ ಊರು ಮುಟ್ಟುವವರೆಗೂ ನಮ್ಮಮ್ಮ ಕಾರಿನೊಳಗೆ ಕೊಡೆ ಹಿಡಿದು ಕೂತಿದ್ದಳು, ಮರೆತೆಯಾ?

ಪಕ್ಕದ ಮನೆಯ ನಾರ್ಮನ್‌ಗೆ ಪೈಪು ಹಿಡಿದು ಟಾಪಿನ ಮೇಲೆ ನೀರು ಬಿಡಲು ಹೇಳು. ನೀನು ಮದುವೆಯ ಸೂಟಿನಲ್ಲೇ ಕಾರಿನೊಳಗೆ ಕೂತು ಎಲ್ಲಾದರೂ ಸೋರುತ್ತದೆಯೇ ನೋಡು. ಆಗ ಒಂದು ಹನಿಯೂ ನಿನ್ನ ಕಣ್ಣು ತಪ್ಪುವುದಿಲ್ಲ.

ಬೇರೆ ಕಾರು ಗೊತ್ತುಮಾಡಲೇ ಎಂದು ಬೆಳಿಗ್ಗೆ ರೊಸಲಿಂಡ್‌ಳನ್ನು ಮತ್ತೆ ಕೇಳಿದೆ. ನಿನ್ನ ಮಗಳಲ್ಲವೇ! "ಮೈಯೆಲ್ಲಾ ನೆಂದ್ರೂ ಸರಿ ಅಮ್ಮಾ, ನಾನು ಚರ್ಚಿಗೆ ಹೋಗೋದು ಅಪ್ಪನ ಕಾರಲ್ಲೇ" ಅಂದಳು.

ಮಧ್ಯಾಹ್ನ ಬಿಸಿಲು ಬರುತ್ತದಂತೆ. ದಮ್ಮಯ್ಯ, ಪರದೆ ಎಳೆದು ಮಲಗಿಬಿಡು.

ಹಿಲರಿ