ಹಗಲು ದೀಪಕ್ಕೊಂದು ಹಳದಿ ಬಲ್ಬು

ಹಳೇ ಹೆದ್ದಾರಿ ಬೀದಿ, ಹಿರಿಯೂರು
ಫೆಬ್ರವರಿ ೩೦, ೨೨೬೪

ನಿಹಾರಿಕಳ ತಂದೆಯವರಿಗೆ, ಅಥವಾ ತಾಯಿಯವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಯಾಕೆ ಕೊಟ್ಟರೆಂದು ನನಗೂ ಸರಿಯಾಗಿ ತಿಳಿಯದು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಜಾಹೀರಾತುಗಳಿಂದ. ಎಲ್ಲಾದರೂ ನಿಮ್ಮನ್ನು ಹೊಗಳಿದಂತೆ ಕಂಡರೆ ನಂಬಬೇಡಿ, ನನಗೆ ನಿಮ್ಮ ಮೇಲಿರುವುದು ಹೊಟ್ಟೆಕಿಚ್ಚು. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ಕಾರು ಈಗ ನನ್ನ ಬಳಿಯಿದೆ. ಅದರ ಹಿಂದಿನ ಗಾಜಿನ ಮೇಲೆ ‘ನಿಹಾರಿಕ’ ಎಂದು ಬರೆಸಿದ್ದೀರಿ, ಮಗಳಿರಬೇಕು ಎಂದುಕೊಂಡಿದ್ದೇನೆ. ಈ ಕಾಗದ ಬಂದಿರುವುದು ಹಿಂದಂಚೆಯಲ್ಲಿ. ಅಂದರೆ ನಮ್ಮಿಂದ ಹಿಂದಿನವರಿಗೆ ಹೋಗುವ ಅಂಚೆ. ಅದರಲ್ಲಿ ಕಾಗದ ಮಾತ್ರ ಹೋಗುತ್ತದೆ. ನಿಮ್ಮ ಕಡೆಯಿಂದ ನಮಗೆ ಏನಾದರೂ ಬರಬೇಕೆಂದರೆ ಅದು ಇದ್ದ ಜಾಗದಲ್ಲೇ ಇದ್ದು, ವರ್ಷಗಳನ್ನು ಕಳೆದೇ ಬರಬೇಕು.

ನಮ್ಮ ರಸ್ತೆಗಳಲ್ಲಿ ಈಗ ದೀಪಗಳಿಲ್ಲ. ನಾವು ಓಡಾಡುವುದು ಸಾಗುಗೂಡುಗಳಲ್ಲಿ. ಅವಕ್ಕೆ ಚಾಲಕನಿಲ್ಲ, ಕಿಟಕಿಯಿಲ್ಲ, ಒಂದರ ಇರವು ಇನ್ನೊಂದಕ್ಕೆ ತಾನಾಗಿ ತಿಳಿಯುತ್ತದೆ. ಒಳಗೆ ಕೂತವರಿಗೆ ಎದುರಿನಿಂದ ಯಾರು ಬಂದರು, ಯಾರು ಹೋದರು ಎಂಬುದು ಗೊತ್ತೇ ಆಗುವುದಿಲ್ಲ. ನಿಮ್ಮ ರಸ್ತೆಯ ಚಿತ್ರಗಳನ್ನು ನೋಡಿ ನಾನು ಎಷ್ಟೋ ಸಲ ಕರುಬಿದ್ದೇನೆ. ಸುಡುವ ಮಧ್ಯಾಹ್ನದಲ್ಲೂ ಮುಂದೆ ದೀಪ ಉರಿಸಿಕೊಂಡು ಬರುವ ಕಾರುಗಳು. ದಾರಿ ಕಾಣಲೆಂದಲ್ಲ, ಬರೀ ತಾನು ಬರುತ್ತಿದ್ದೇನೆ ಎಂದು ಎದುರಿನ ಅಪರಿಚಿತನಿಗೆ ತಿಳಿಸಲು. ಗಾಡಿ ಚಾಲೂ ಮಾಡಿದರೆ ತಾನಾಗಿ ಹತ್ತಿಕೊಂಡು, ರಾತ್ರಿಯ ಹೆಡ್‌ಲೈಟ್ ಹಾಕಿದರೆ ತಾನಾಗಿ ಹಿಂದೆ ಸರಿಯುವ ದೀಪ. ಬೈಕಿನ ದೀಪ ಹಗಲಲ್ಲಿ ಉರಿಯುತ್ತಿದ್ದರೆ ಎದುರಿನವರು ಬೆರಳು ಬಿಚ್ಚಿ ಮುಚ್ಚಿ, ದೀಪ ಆರಿಸಪ್ಪಾ ಎಂದು ಸನ್ನೆ ಮಾಡುತ್ತಿದ್ದರಂತೆ. ಗುರುತು ಪರಿಚಯ ಇಲ್ಲದವರ ಮೇಲೆ ನಿಮಗೆ ಅಷ್ಟು ಕಾಳಜಿ. ನಮಗೆ ಪಕ್ಕದ ಗೂಡಿನಲ್ಲಿ ಹೋಗುವವರ ಮುಖವೂ ತಿಳಿಯದು.

ವರ್ಷಕ್ಕೊಂದು ದಿನ ಮಾತ್ರ ನಾವು ನಿಮ್ಮಂತೆ ಆಗುತ್ತೇವೆ. ಆ ದಿನಕ್ಕೆ ಎದುರ್ಗಾಣ್ಕೆ ಎನ್ನುತ್ತೇವೆ. ಹಳೆಯ ಕಾರು ಉಳಿಸಿಕೊಂಡ ಮನೆಗಳವರು ಅದನ್ನು ಹಳೇ ಹೆದ್ದಾರಿಗೆ ತರುತ್ತಾರೆ. ಇಂಜಿನ್ ಬದಲಾಗಿದ್ದರೂ ನಡೆಯುತ್ತದೆ, ಹಗಲು ದೀಪ ಮಾತ್ರ ಉರಿಯಲೇಬೇಕು. ರಸ್ತೆಯ ತುದಿಯಲ್ಲಿ ಮನೆಯ ಹಿರಿಯರನ್ನು ಕುರ್ಚಿ ಹಾಕಿ ಕೂರಿಸುತ್ತೇವೆ. ಅವರು ಯಾವ ಕಾರಿನ ದೀಪವನ್ನು ಮೊದಲು ಗುರುತಿಸಿ ಓಡಿಸುವವರ ಹೆಸರು ಹೇಳುತ್ತಾರೋ, ಆ ಮಗನ, ಮಗಳ ಅಥವಾ ಸೊಸೆಯ ಮನೆಯಲ್ಲಿ ಮುಂದಿನ ಒಂದು ವರ್ಷ ಇರುತ್ತಾರೆ. ಓಡಿಸುವವರು ಹಾರ್ನ್ ಹೊಡೆಯುವಂತಿಲ್ಲ, ಹಿರಿಯರು ಹೆಸರು ಹೇಳುವವರೆಗೆ ಬಾಯಿ ಬಿಡುವಂತಿಲ್ಲ.

ನನ್ನ ಅತ್ತೆ ತಿಪ್ಪಮ್ಮನಿಗೆ ಇಬ್ಬರು ಸೊಸೆಯರು. ಹಿರಿಯವಳು ನಾನು, ಅತ್ತೆಯ ಬಾಯಲ್ಲಿ ಓಬಳಿ. ಕಿರಿಯವಳು ನನ್ನ ಓರಗಿತ್ತಿ ಚಂಪಕಾ, ಚಳ್ಳಕೆರೆಯಲ್ಲಿದ್ದಾಳೆ. ಅವಳ ಕಾರಿನದು ಎಲ್‌ಇಡಿ ಪಟ್ಟಿ, ಹುಬ್ಬು ತೀಡಿದ ಹಾಗೆ ಹೆಡ್‌ಲೈಟಿನ ಮೇಲೆ ಹಾದುಹೋಗಿದೆ. ಅದಕ್ಕೆ ಬಲ್ಬು ಬದಲಿಸುವ ಗೋಜೇ ಇಲ್ಲ, ಕೆಟ್ಟರೆ ಇಡೀ ಲೈಟನ್ನೇ ಬದಲಿಸಬೇಕು, ಆದರೆ ಅದು ಕೆಡುವುದೂ ಇಲ್ಲ. ಎಡಕ್ಕೋ ಬಲಕ್ಕೋ ಇಂಡಿಕೇಟರ್ ಹಾಕಿದರೆ ಆ ಬದಿಯ ಪಟ್ಟಿ ತಾನೇ ಮಂಕಾಗಿ ಇಂಡಿಕೇಟರಿಗೆ ಜಾಗ ಬಿಡುತ್ತದೆ. ಅಂಥ ದೊಡ್ಡ ಬುದ್ಧಿ ನನಗಿಲ್ಲ. ನಿಮ್ಮ ಕಾರಿನಲ್ಲಿರುವುದು ಹ್ಯಾಲೋಜನ್. ಒಂದೇ ಬಲ್ಬಿನೊಳಗೆ ಎರಡು ತಂತಿ, ಸಣ್ಣದು ಹಗಲಿಗೆ, ದೊಡ್ಡದು ರಾತ್ರಿಯ ಹೈ ಬೀಮಿಗೆ. ಹಗಲಿನ ತಂತಿಯ ಬೆಳಕು ಹಳದಿ, ಬಿಸಿಲಿಗೆ ಮಂಕು. ವರ್ಷ ವರ್ಷವೂ ಚಂಪಕಾಳ ಬಿಳಿ ದೀಪ ಮೊದಲು ಕಂಡಿತು, ವರ್ಷ ವರ್ಷವೂ ಅತ್ತೆ ಚಳ್ಳಕೆರೆಗೆ ಹೋದರು. ನಾನು ಹೋಗಿ ನೋಡಿ ಬರಬಹುದು, ಬೇಡ ಎನ್ನುವವರಿಲ್ಲ. ಆದರೆ ನೆಂಟಳಾಗಿ ಹೋಗಿ ಬರುವುದು ಬೇರೆ, ಬೆಳಗೆದ್ದ ಕೂಡಲೇ ಕಾಫಿ ತೆಳ್ಳಗಾಯಿತು ಎಂದು ಅವರ ಕೈಲಿ ಬೈಸಿಕೊಳ್ಳುವುದು ಬೇರೆ. ಚಂಪಕಾಳ ಬಸ್ಸಾರಿಗೆ ಈಗ ಅತ್ತೆಯ ಕೈರುಚಿ ಬಂದಿದೆ.

ಈ ಸಲ ನಾನು ಹಟ ಹಿಡಿದೆ. ಊರೂರು ಅಲೆದು ನಿಮ್ಮ ಕಾಲದ ಬಿಳಿ ಎಲ್‌ಇಡಿ ಬಲ್ಬು ಒಂದು ಜೊತೆ ಸಂಪಾದಿಸಿ, ಹಳದಿ ತೆಗೆದು ಅದನ್ನು ಹಾಕಿದೆ. ಮೊದಲು ಮಿಣಮಿಣ ಎಂದಿತು. ಎಲ್‌ಇಡಿ ಎಳೆಯುವ ಕರೆಂಟು ಕಡಿಮೆ, ಹಾಗಾಗಿ ಕಾರು ತನ್ನ ಬಲ್ಬು ಸುಟ್ಟಿದೆ ಎಂದು ತಿಳಿದು ಎಚ್ಚರಿಕೆ ಕೊಡುತ್ತಿತ್ತು. ಹೆಚ್ಚು ಕರೆಂಟು ಎಳೆಯಲೆಂದು ಒಂದು ರೆಸಿಸ್ಟರ್ ಸೇರಿಸಿ ಕಾರಿನ ಸಂಶಯ ಕಳೆದೆ. ಆ ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ, ವೈರಿಗೆ ತಾಗದಂತೆ ದೂರ ಕಟ್ಟಿದೆ. ಆಮೇಲೆ ನೋಡಿದರೆ ಬೆಳ್ಳಗೆ ಬೆಳಕು, ಚಂಪಕಾಳದಕ್ಕಿಂತ ಒಂದು ಕೈ ಮೇಲು. ಆ ಸಂತೋಷಕ್ಕೆ ಮನೆಯವರಿಗೆಲ್ಲ ಹೋಳಿಗೆ ಮಾಡಿ ಹಾಕಿದೆ.

ಎದುರ್ಗಾಣ್ಕೆಯ ದಿನ ಎರಡು ಕಾರೂ ಒಟ್ಟಿಗೇ ತಿರುವು ದಾಟಿ ಬಂದವು. ಅತ್ತೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ನಾವು ಹತ್ತಿರ ಬಂದೆವು, ನಿಂತೆವು. ಅವರು ಯಾರ ಹೆಸರನ್ನೂ ಹೇಳಲಿಲ್ಲ. “ಎರಡೂ ಬಿಳೀವೇ ಬಂದ್ವಲ್ಲ, ಹಳದೀದು ಎಲ್ಲಿ? ನಮ್ಮ ಓಬಳಿ ಬರ್ಲಿಲ್ವಾ?” ಎಂದು ಪಕ್ಕದವರನ್ನು ಕೇಳಿದರು. ಪಕ್ಕದವರೂ ಹೇಳುವಂತಿಲ್ಲ. ನಾನು ಅವರ ಮುಂದೆ, ಮಾತು ಕೇಳಿಸುವಷ್ಟು ಹತ್ತಿರದಲ್ಲಿ, ಸ್ಟೇರಿಂಗ್ ಹಿಡಿದು ಬಾಯಿ ಕಟ್ಟಿಕೊಂಡು ಕೂತಿದ್ದೆ. ಬಿಸಿಲು ಏರುವವರೆಗೂ ಅವರು ನನ್ನ ಹಳದಿಗಾಗಿ ಕಾದರು. ಕೊನೆಗೆ, “ಅವಳಿಗೆ ಬೇಡವಾಗಿದೆ ಬಿಡು” ಎಂದು ಸುಮ್ಮನೆ ಒಂದು ಬಿಳಿ ದೀಪದ ಕಡೆ ಕೈ ತೋರಿಸಿ ಚಂಪಕಾ ಎಂದರು. ಅದು ಚಂಪಕಾಳದೇ ಆಗಿತ್ತು.

ಆಮೇಲೆ ಚಂಪಕಾ ಹೇಳಿದಳು. ಅತ್ತೆಯ ಕಣ್ಣಿಗೆ ಪೊರೆ ಬಂದಿದೆಯಂತೆ, ಬಿಳಿ ಬೆಳಕು ಹಿಟ್ಟು ಎರಚಿದ ಹಾಗೆ ಹರಡಿಕೊಳ್ಳುತ್ತದಂತೆ, ಹಳದಿಯಾದರೆ ನೆಟ್ಟಗೆ ಕಾಣುತ್ತದಂತೆ. ನಮ್ಮಲ್ಲಿ ಪೊರೆ ತೆಗೆಯುವುದು ಉಗುರು ಕತ್ತರಿಸಿದಷ್ಟು ಸುಲಭ, ಆದರೆ ಇದ್ದ ಕಣ್ಣಲ್ಲಿ ಕಂಡಷ್ಟು ಸಾಕು ಎಂದು ಅವರು ಒಪ್ಪುತ್ತಿಲ್ಲ. ಈ ಸಲ ಓಬಳಿ ಮನೆಗೆ ಹೋಗ್ತೀನಿ ಎಂದು ವರ್ಷವಿಡೀ ಹೇಳುತ್ತಿದ್ದರಂತೆ. “ಅಕ್ಕಾ, ನಿನ್ನ ಹೆಸರು ಕೇಳಿ ಕೇಳಿ ನಂಗೇ ಹೊಟ್ಟೆ ಉರೀತಿತ್ತು, ಅದಕ್ಕೇ ನಿಂಗೆ ಹೇಳ್ಲಿಲ್ಲ” ಎಂದಳು. ನಾನೇನು ಬೈಯಲಿ? ಅವಳ ಜಾಗದಲ್ಲಿ ನಾನಿದ್ದರೂ ಹೇಳುತ್ತಿರಲಿಲ್ಲ.

ಮನೆಗೆ ಬಂದವಳೇ ಹಳದಿ ಬಲ್ಬುಗಳನ್ನು ಹುಡುಕಿ ಮತ್ತೆ ಕಾರಿಗೆ ಕೂರಿಸಿದೆ. ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡ ಕೈ, ಒರೆಸಿಕೊಳ್ಳಲೂ ಇಲ್ಲ, ಗಾಜನ್ನೇ ಹಿಡಿದು ಒತ್ತಿದೆ. ಹ್ಯಾಲೋಜನ್ ಗಾಜಿಗೆ ಜಿಡ್ಡು ತಾಗಬಾರದು, ಜಿಡ್ಡು ಇದ್ದ ಜಾಗ ಹೆಚ್ಚು ಕಾದು ಒಡೆಯುತ್ತದೆ ಎಂಬುದು ಒಡೆದ ಮೇಲೆ ತಿಳಿಯಿತು. ಹೈ ಬೀಮ್ ಹಾಕಿ ನೋಡಿದಾಗ ಒಂದು ಹೋಯಿತು, ಅದೇನಾಯಿತೆಂದು ಇಳಿದು ನೋಡುವಷ್ಟರಲ್ಲಿ ಇನ್ನೊಂದು. ನಮ್ಮ ಕಾಲದಲ್ಲಿ ಅಂಥ ಬಲ್ಬು ಇನ್ನೆಲ್ಲೂ ಉಳಿದಿಲ್ಲ, ವಿಚಾರಿಸಿ ಆಯಿತು. ನೀವು ಬಿಡಿಭಾಗದ ಅಂಗಡಿಗೆ ಹೋದರೆ ಹಳದಿ ಬೇಕಾ ಬಿಳಿ ಬೇಕಾ ಎಂದು ಅವರೇ ಕೇಳುತ್ತಾರೆ. ಅದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ.

ನಿಮ್ಮಲ್ಲಿ ನನ್ನ ಬೇಡಿಕೆ ಒಂದೇ. ಪಕ್ಕದ ಸೀಟಿನ ಎದುರಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಖಾನೆಯಿದೆ. ಅದರ ಬೀಗ ತುಕ್ಕು ಹಿಡಿದು, ಕಾರು ನಮ್ಮ ಮನೆಗೆ ಬಂದಾಗಿನಿಂದ ಯಾರೂ ತೆರೆದಿಲ್ಲ. ಅಲ್ಲಿ ಒಂದು ಜೊತೆ ಹಳದಿ ಬಲ್ಬು ಇಡಿ. ಬಿಳಿಯೇ ಚೆಂದ ಎಂದು ಅಂಗಡಿಯವರು ಒತ್ತಾಯ ಮಾಡಿದರೆ ಒಪ್ಪಬೇಡಿ. ಗಾಜು ಮುಟ್ಟದೆ, ಒಣ ಬಟ್ಟೆಯಲ್ಲಿ ಸುತ್ತಿ ಇಡಿ. ಮುಂದಿನ ವರ್ಷ ಅತ್ತೆಗೆ ಹಳದಿಯೂ ಕಾಣದೇ ಹೋಗಬಹುದು, ಅವರೇ ಇಲ್ಲದೆಯೂ ಹೋಗಬಹುದು. ಅಷ್ಟರೊಳಗೆ ನಾನು ಬೇಡವೆಂದು ದೀಪ ಬದಲಿಸಿದ್ದಲ್ಲ ಎಂದು ಅವರಿಗೆ ಗೊತ್ತಾಗಬೇಕು. ಬಾಯಲ್ಲಿ ಹೇಳಿದೆ, ಅವರು ನಂಬಲಿಲ್ಲ.

ಈ ಕಾಗದವನ್ನು ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಬೀಗ ಮುರಿಯಲು ಉಳಿ ಸುತ್ತಿಗೆ ತಂದಿಟ್ಟುಕೊಂಡಿದ್ದೇನೆ, ಇನ್ನೂ ಕೈ ಹಾಕಿಲ್ಲ. ಮೊದಲು ನೀವು ಇಟ್ಟು ಮುಚ್ಚಿ. ಆಮೇಲೆ ನಾನು ತೆರೆಯುತ್ತೇನೆ.

ನಿಮ್ಮ ಕಾರಿನ ಈಗಿನ ಒಡತಿ,
ಓಬಳಾಂಬ