ಮಧ್ಯಾಹ್ನ ಹಸಿಯುವ ಮೀನುಗಳು

ಬಾಬಾ,

ನಾನು ಬಂದರಿನ ಕೆಲಸಕ್ಕೆ ಹೊರಟೆ. ಇವತ್ತು ಮೀನಿನ ತೊಟ್ಟಿಗೆ ಏನೂ ಹಾಕಬೇಡಿ.

ನಾನು ಅವಕ್ಕೆ ತಿನ್ನಲು ಹಾಕುವುದು ದಿನಕ್ಕೆ ಒಂದೇ ಸಲ, ಸಂಜೆ ಇಫ್ತಾರ್ ಮುಗಿದ ಮೇಲೆ. ಆದರೆ ನಿನ್ನೆ ರಜೆಯಲ್ಲಿ ಮನೆಯಲ್ಲಿದ್ದು ನೋಡಿದೆ. ಮಧ್ಯಾಹ್ನದ ಆಜಾನ್ ಆದದ್ದೇ ತಡ, ಎಲ್ಲವೂ ನಿಮ್ಮ ಕುರ್ಚಿಯ ಕಡೆಯ ಗಾಜಿಗೆ ಮೂತಿ ಒತ್ತಿ ನಿಂತವು. ಕೇಳಿದರೆ, "ಅವಕ್ಕೆ ನನ್ನ ಕಂಡ್ರೆ ಪ್ರೀತಿ ಕಣೇ" ಅಂತ ನಕ್ಕಿರಿ. ಮೀನು ಸುಮ್ಮಸುಮ್ಮನೆ ಯಾರನ್ನೂ ಪ್ರೀತಿಸುವುದಿಲ್ಲ, ಬಾಬಾ. ತಿನ್ನಿಸುವ ಕೈ ಯಾರದು, ಹೊತ್ತು ಯಾವುದು ಎಂದು ನೆನಪಿಟ್ಟುಕೊಳ್ಳುತ್ತದೆ.

ಮೊನ್ನೆ, ಕೆಲಸದಿಂದ ಬಂದ ಸಂಜೆ ನಾನು ಹಾಕಿದ ಸಿಗಡಿಯನ್ನು ಆ ಹೊಟ್ಟೆಬಾಕ ಕಿತ್ತಳೆ ಪಟ್ಟೆಯದೂ ಮುಟ್ಟಲಿಲ್ಲ. ನೀರು ಸೋಸುವ ಜಾಲರಿಯಲ್ಲಿ ಅನ್ನದ ಅಗುಳು ಸಿಕ್ಕಿತು. ನಾನು ಮುಚ್ಚಿಟ್ಟು ಹೋಗುವ ನಿಮ್ಮ ಸಿಗಡಿ ಅನ್ನದ ತಟ್ಟೆ ಮಾತ್ರ ದಿನಾ ತೊಳೆದಿಟ್ಟಷ್ಟು ಖಾಲಿ!

ನಿಮ್ಮ ಸಕ್ಕರೆ ಕಾಯಿಲೆಗೆ ಈ ರಂಜಾನಿನಲ್ಲಿ ರೋಜಾ ಉಪವಾಸ ಬೇಡ ಎಂದು ಡಾಕ್ಟರ್ ಹೇಳಿದಾಗ, ಇಮಾಮರೂ ಹೂಂ ಅಂದಾಗ, ಒಪ್ಪಿ ತಲೆಯಾಡಿಸಿದವರು ನೀವೇ ಅಲ್ಲವೇ?

ಇವತ್ತು ಬೇಳೆ ಸೂಪು ಮಾಡಿಟ್ಟಿದ್ದೇನೆ. ತೊಟ್ಟಿಗೆ ಸುರಿದರೆ ನೀರು ಕದಡಿ ನನಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಒಂದು ದಿನ ತಿನ್ನದಿದ್ದರೆ ಮೀನುಗಳಿಗೆ ಏನೂ ಆಗುವುದಿಲ್ಲ. ಇವತ್ತಿನ ರೋಜಾ ಅವುಗಳದ್ದು, ಊಟ ನಿಮ್ಮದು.

ರಿಹಾಬ್