ಅಕ್ಕನ ಆಂಪ್ಲಿಫೈಯರ್, ನನ್ನ ಸ್ಪೀಕರ್

ಅಕ್ಕಾ,

ಇದನ್ನು ಅಂಚೆಗೆ ಹಾಕುವುದಿಲ್ಲ, ಹಾಗಾಗಿ ಕ್ಷೇಮ ಸಮಾಚಾರ ಬಿಟ್ಟು ವಿಷಯಕ್ಕೇ ಬರುತ್ತೇನೆ. ಇವತ್ತು ನಿನ್ನ ಮಗಳು ಬಂದಿದ್ದಳು. ಅಪ್ಪನ ವಾಲ್ವ್ ಆಂಪ್ಲಿಫೈಯರ್‌ಗೆ ನೀನು ಹೊಸ ಸ್ಪೀಕರ್ ತಂದಿದ್ದೆಯಂತೆ.

"ಎಷ್ಟು ತಿರುಗಿಸಿದ್ರೂ ಪಿಸುಗುಟ್ಟುತ್ತೆ ಚಿಕ್ಕಮ್ಮಾ. ಅಮ್ಮ ಸ್ಪೀಕರ್ ಕಿತ್ತುಹಾಕಿದ್ರು. ಈಗ ಸುಮ್ನೆ ಆನ್ ಮಾಡಿ, ಆ ಗಾಜಿನ ವಾಲ್ವ್‌ಗಳ ಬೆಳಕು ನೋಡ್ತಾ ಕೂತಿರ್ತಾರೆ."

ನಿನಗೆ ಬುದ್ಧಿ ಇದೆಯೇನೇ? ಸ್ಪೀಕರ್ ಇಲ್ಲದೆ ಆನ್ ಮಾಡಿದರೆ ಅದು ಒಳಗೊಳಗೇ ಸುಟ್ಟುಹೋಗಬಹುದು ಅಂತ ಅಪ್ಪ ಬಡಕೊಳ್ಳುತ್ತಿರಲಿಲ್ಲವೇ? ಪಿಸುಗುಟ್ಟದೆ ಇನ್ನೇನು, ಅದಕ್ಕಿರುವ ಶಕ್ತಿಯೇ ಅಷ್ಟು. ಈಗಿನ ಪುಟ್ಟ, ಬಿಗಿ ಸ್ಪೀಕರ್‌ಗಳನ್ನು ಅದು ಅಲುಗಾಡಿಸಲಾರದು. ಅದಕ್ಕೆ ಅಪ್ಪನ ಅಗಲ ಬಾಯಿಯ, ಹಗುರ ಕಾಗದದ ಸ್ಪೀಕರ್‌ಗಳೇ ಬೇಕು. ಮನೆ ಪಾಲಾದಾಗ ಆಂಪ್ಲಿಫೈಯರ್ ನಿನಗೆ ಹೋಯಿತು, ಹಟ ಹಿಡಿದು ಅವನ್ನು ತಂದವಳು ನಾನು. ನನ್ನ ಹೊಸ ಆಂಪ್ಲಿಫೈಯರ್‌ಗೆ ಹಾಕಿದರೆ ಅವು ಕಿರುಚುತ್ತವೆ. ಆ ವಿಷಯ ಬಿಡು.

ಆ ಎರಡೂ ಸ್ಪೀಕರ್‌ಗಳ ಧೂಳು ಒರೆಸಿ ಅವಳ ಕಾರಿಗೆ ಹೇರಿದೆ.

"ಅಮ್ಮಂಗೆ ಏನು ಹೇಳ್ಲಿ?" ಅಂದಳು.

"ಹಳೇ ಸಾಮಾನಿನ ಅಂಗಡೀಲಿ ಸಿಕ್ತು ಅನ್ನು" ಅಂದೆ.

ಹುಡುಗಿ ನನ್ನ ಮುಖವನ್ನೇ ನೋಡಿ, ತಲೆಯಾಡಿಸಿ ಕಾರು ಹತ್ತಿದಳು. ನಿನ್ನ ಹಾಗಲ್ಲ, ಜಾಣೆ.

ಎಡಗಡೆಯ ಸ್ಪೀಕರಿನ ಮುಂದಿನ ಬಟ್ಟೆ ಹರಿದಾಗ, ಕಂದು ದಾರ ಸಿಗದೆ, ನೀನು ನಿನ್ನ ಸ್ಕೂಲ್ ಲಂಗದ ನೀಲಿ ದಾರದಲ್ಲಿ ಅಡ್ಡಾದಿಡ್ಡಿ ಹೊಲಿದಿದ್ದೆಯಲ್ಲ, ಅಪ್ಪ ಅದನ್ನು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದರಲ್ಲ. ಅದನ್ನು ಬದಲಾಯಿಸಬೇಕೆಂದು ಹೊಸ ಬಟ್ಟೆ ತಂದಿಟ್ಟು ವರ್ಷಗಳಾದವು.

ಇವತ್ತೂ ಬದಲಾಯಿಸಲಿಲ್ಲ. ಆ ನೀಲಿ ಹೊಲಿಗೆ ಹಾಗೆಯೇ ನಿನ್ನ ಮನೆಗೆ ಬರುತ್ತಿದೆ.